ಕಾಕ್‌ಪಿಟ್‌ನ ಮೂರನೆಯ ಆಸನ ಖಾಲಿಯಾದದ್ದು ಹೇಗೆ?

ಪ್ರಶ್ನೆ: ಹಳೆಯ ಬೋಯಿಂಗ್ 747ರ ಕಾಕ್‌ಪಿಟ್ ಚಿತ್ರವೊಂದನ್ನು ನೋಡಿದೆ. ಇಬ್ಬರು ಪೈಲಟ್‌ಗಳ ಹಿಂದೆ, ಪಕ್ಕದ ಗೋಡೆಗೆ ಮುಖ ಮಾಡಿ, ಲೆಕ್ಕವಿಲ್ಲದಷ್ಟು ಮೀಟರುಗಳ ಮುಂದೆ ಇನ್ನೊಬ್ಬರು ಕುಳಿತಿದ್ದರು. ಅವರು ಫ್ಲೈಟ್ ಎಂಜಿನಿಯರ್ ಎಂದು ತಿಳಿಯಿತು. ಈಗಿನ ವಿಮಾನಗಳಲ್ಲಿ ಅವರಿಲ್ಲ. ಅವರ ಕೆಲಸವನ್ನು ಈಗ ಯಾರು ಮಾಡುತ್ತಾರೆ? ಖರ್ಚು ಉಳಿಸಲು ಸುರಕ್ಷತೆಯನ್ನು ಬಿಟ್ಟುಕೊಟ್ಟಂತಾಗಲಿಲ್ಲವೇ? ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ನನ್ನ ಮಗಳು ಫ್ಲೈಟ್ ಎಂಜಿನಿಯರ್ ಆಗುತ್ತೇನೆ ಎನ್ನುತ್ತಿದ್ದಾಳೆ. ಅವಳಿಗೆ ಏನು ಹೇಳಲಿ? — ಓದುಗರೊಬ್ಬರು, ಧಾರವಾಡ

ಉತ್ತರ: ಸುರಕ್ಷತೆ ಕಡಿಮೆಯಾಗಲಿಲ್ಲ. ಆದರೆ ಆ ಆಸನದ ಜೊತೆಗೆ ಬೆಲೆಯುಳ್ಳ ಒಂದು ಸಂಗತಿ ಕಾಕ್‌ಪಿಟ್‌ನಿಂದ ಹೊರಟುಹೋಯಿತು, ಅದನ್ನು ಬೇರೆ ದಾರಿಯಲ್ಲಿ ಮರಳಿ ತರಲು ವಿಮಾನಯಾನ ಜಗತ್ತು ಬಹಳ ಶ್ರಮ ಪಡಬೇಕಾಯಿತು. ಇದನ್ನು ಒಪ್ಪಬೇಕಾದರೆ ಆ ಮನುಷ್ಯ ಅಲ್ಲಿ ಕುಳಿತು ಏನು ಮಾಡುತ್ತಿದ್ದ ಎಂಬುದನ್ನು ಹತ್ತಿರದಿಂದ ನೋಡಬೇಕು.

ಬೋಯಿಂಗ್ 707, 727, ಮೊದಲ ತಲೆಮಾರಿನ 747, ಡಿಸಿ-10, ಏರ್‌ಬಸ್ ಎ300ರ ಆರಂಭದ ಮಾದರಿಗಳು ಎಲ್ಲದರಲ್ಲೂ ಫ್ಲೈಟ್ ಎಂಜಿನಿಯರ್ ಇದ್ದರು. ಅವರ ಆಸನ ಹಳಿಯ ಮೇಲೆ ಜಾರುತ್ತಿತ್ತು, ತಿರುಗುತ್ತಲೂ ಇತ್ತು. ವಿಮಾನ ಏರುವಾಗ ಮತ್ತು ಇಳಿಯುವಾಗ ಅವರು ಇಬ್ಬರು ಪೈಲಟ್‌ಗಳ ನಡುವೆ ಮುಂದಕ್ಕೆ ಸರಿದು ಎಂಜಿನ್ ಮೀಟರುಗಳ ಮೇಲೆ ಕಣ್ಣಿಡುತ್ತಿದ್ದರು. ಟೇಕಾಫ್ ವೇಳೆ ಕ್ಯಾಪ್ಟನ್ ಎಂಜಿನ್ ಶಕ್ತಿಯ ಹಿಡಿಕೆಗಳಾದ ಥ್ರಾಟಲ್‌ಗಳನ್ನು ಮುಂದಕ್ಕೆ ತಳ್ಳಿದ ಮೇಲೆ ಪ್ರತಿ ಎಂಜಿನ್ನಿಗೂ ಸರಿಯಾದ ಶಕ್ತಿ ಬರುವಂತೆ ಅವುಗಳನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ ಹೊಂದಿಸುವುದೂ ಅವರ ಪಾಲಿನ ಕೆಲಸ. ವಿಮಾನ ಎತ್ತರ ತಲುಪಿದ ಮೇಲೆ ಆಸನವನ್ನು ಬಲಕ್ಕೆ ತಿರುಗಿಸಿ ತಮ್ಮ ಫಲಕದ ಎದುರು ಕುಳಿತರೆ ಮುಂದಿನ ಏಳೆಂಟು ಗಂಟೆಗಳ ಕಾಲ ಇಂಧನ, ವಿದ್ಯುತ್, ದ್ರವದ ಒತ್ತಡದಿಂದ ಭಾಗಗಳನ್ನು ಚಲಿಸುವ ಹೈಡ್ರಾಲಿಕ್ಸ್, ಪ್ರಯಾಣಿಕರ ಕೋಣೆಯ ಗಾಳಿಯ ಒತ್ತಡ ಎಲ್ಲವೂ ಅವರ ಕೈಯಲ್ಲಿ.

ಎಂಜಿನ್ ಚಾಲೂ ಮಾಡುವ ಒಂದು ನಿಮಿಷವನ್ನೇ ತೆಗೆದುಕೊಳ್ಳಿ. ಒತ್ತಡದ ಗಾಳಿ ಸ್ಟಾರ್ಟರನ್ನು ತಿರುಗಿಸುತ್ತದೆ, ಅದರೊಂದಿಗೆ ಎಂಜಿನ್ ತಿರುಗತೊಡಗುತ್ತದೆ, ವೇಗದ ಮುಳ್ಳು ನಿಧಾನವಾಗಿ ಏರುತ್ತದೆ. ಸಾಕಷ್ಟು ವೇಗ ಬಂದ ಮೇಲೆಯೇ ಇಂಧನ ಬಿಡಬೇಕು. ಅವಸರ ಮಾಡಿದರೆ ಉರಿಯನ್ನು ತಣಿಸಿ ಹಿಂದಕ್ಕೆ ತಳ್ಳುವಷ್ಟು ಗಾಳಿ ಎಂಜಿನ್ ಒಳಗೆ ಇರುವುದಿಲ್ಲ. ಹೊರಬರುವ ಅನಿಲದ ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಓಡುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಟರ್ಬೈನ್ ಸುಟ್ಟುಹೋಗಬಹುದು. ಇದನ್ನು ಹಾಟ್ ಸ್ಟಾರ್ಟ್ ಎನ್ನುತ್ತಾರೆ. ಆದ್ದರಿಂದ ಮುಳ್ಳು ಎಲ್ಲಿದೆ ಎನ್ನುವುದಕ್ಕಿಂತ ಎಷ್ಟು ವೇಗವಾಗಿ ಏರುತ್ತಿದೆ ಎಂಬುದನ್ನು ನೋಡಿ, ಅದು ಗೆರೆ ಮುಟ್ಟುವ ಮೊದಲೇ ಇಂಧನ ನಿಲ್ಲಿಸಲು ಸಿದ್ಧವಾಗಿರಬೇಕು. ನಾಲ್ಕು ಎಂಜಿನ್ನಿನ ವಿಮಾನದಲ್ಲಿ ಈ ಎಚ್ಚರ ನಾಲ್ಕು ಸಲ.

ವಿದ್ಯುತ್ತಿನ ಕಥೆಯೂ ಅಂಥದ್ದೇ. ವಿಮಾನದ ಜನರೇಟರುಗಳು 400 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತನ್ನು (ಎಸಿ) ಉತ್ಪಾದಿಸುತ್ತವೆ. 727ರಂಥ ವಿಮಾನಗಳಲ್ಲಿ ಮೂರೂ ಜನರೇಟರುಗಳು ಒಂದೇ ಜಾಲಕ್ಕೆ ವಿದ್ಯುತ್ ಹರಿಸುತ್ತಿದ್ದವು. ಚಲಿಸುವ ಬಸ್ಸನ್ನು ಹತ್ತುವವನು ಅದರ ವೇಗಕ್ಕೆ ಓಡಿಯೇ ಹತ್ತಬೇಕಲ್ಲ, ಹಾಗೆ ಹೊಸದಾಗಿ ಸೇರುವ ಜನರೇಟರ್‌ನ ಆವರ್ತನ (ಸೆಕೆಂಡಿಗೆ ಎಷ್ಟು ಅಲೆ) ಮತ್ತು ಅಲೆಯ ಹಂತ ಎರಡೂ ಜಾಲಕ್ಕೆ ಹೊಂದಬೇಕು. ಫಲಕದಲ್ಲಿ ಇದಕ್ಕೆಂದೇ ಎರಡು ಪುಟ್ಟ ದೀಪಗಳಿದ್ದವು. ಹೊಂದಾಣಿಕೆ ಇಲ್ಲದಾಗ ಅವು ಮಿನುಗುತ್ತವೆ. ಎಂಜಿನಿಯರ್ ಗುಂಡಿಯೊಂದನ್ನು ತಿರುಗಿಸಿ ಮಿನುಗುವಿಕೆಯನ್ನು ನಿಧಾನಗೊಳಿಸುತ್ತಾ ಬಂದು, ಎರಡೂ ದೀಪಗಳು ಆರಿರುವ ಗಳಿಗೆಯಲ್ಲಿ ಸ್ವಿಚ್ ಹಾಕುತ್ತಿದ್ದರು. ಬೆರಳಿಗೆ ಇಂಥ ಲಯ ಕೂರಬೇಕಾದರೆ ವರ್ಷಗಳು ಬೇಕು.

ಈ ಕಸುಬಿನ ಶಿಖರ ಕಾಂಕಾರ್ಡ್ ವಿಮಾನ. ಶಬ್ದದ ವೇಗವನ್ನು ದಾಟುವಾಗ ರೆಕ್ಕೆ ಎತ್ತುವ ಶಕ್ತಿಯ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ವಿಮಾನದ ತೂಕದ ಕೇಂದ್ರವೂ ಜೊತೆಗೇ ಹಿಂದೆ ಸರಿಯದಿದ್ದರೆ ಮೂಗು ಕೆಳಗೆ ಬಾಗುತ್ತದೆ. ಆದ್ದರಿಂದ ಎಂಜಿನಿಯರ್ ಸುಮಾರು 20 ಟನ್ ಇಂಧನವನ್ನು ಮುಂದಿನ ಟ್ಯಾಂಕುಗಳಿಂದ ಹಿಂದಿನದಕ್ಕೆ ಪಂಪ್ ಮಾಡುತ್ತಿದ್ದರು, ವೇಗ ತಗ್ಗಿಸುವಾಗ ಮತ್ತೆ ಮುಂದಕ್ಕೆ ತರುತ್ತಿದ್ದರು. ಇಂಧನವೇ ಅಲ್ಲಿ ವಿಮಾನದ ಸಮತೋಲನವನ್ನು ಕಾಯುವ ಸಾಧನವಾಗಿತ್ತು. ಆ ವೇಗದಲ್ಲಿ ಗಾಳಿಯ ಘರ್ಷಣೆಯಿಂದ ಲೋಹ ಕಾದು ವಿಮಾನವೇ ಹಿಗ್ಗಿ, ಎಂಜಿನಿಯರರ ಫಲಕಕ್ಕೂ ಅದರ ಪಕ್ಕದ ಗೋಡೆಗೂ ನಡುವೆ ಕೈ ತೂರುವಷ್ಟು ಬಿರುಕು ತೆರೆದುಕೊಳ್ಳುತ್ತಿತ್ತು. 2003ರಲ್ಲಿ ಕಾಂಕಾರ್ಡ್ ನಿವೃತ್ತಿಯಾಗುವ ಹೊತ್ತಿನ ಕೊನೆಯ ಹಾರಾಟಗಳಲ್ಲಿ ಕೆಲವು ಎಂಜಿನಿಯರರು ತಮ್ಮ ಟೋಪಿಯನ್ನು ಆ ಬಿರುಕಿನಲ್ಲಿ ಸಿಕ್ಕಿಸಿ ಬಿಟ್ಟರು. ವಿಮಾನ ತಣ್ಣಗಾದ ಮೇಲೆ ಅದು ಅಲ್ಲೇ ಭದ್ರವಾಗಿ ಉಳಿಯಿತು.

ಇನ್ನು ಅವರು ಹೋದದ್ದು ಏಕೆ? ಕಾಕ್‌ಪಿಟ್‌ನಿಂದ ಹೊರಟವರಲ್ಲಿ ಅವರು ಮೊದಲಿಗರಲ್ಲ. 1948ರ ಜೂನ್‌ನಲ್ಲಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಕಾನ್‌ಸ್ಟಲೇಷನ್ ವಿಮಾನ ಮುಂಬಯಿಯಿಂದ ಕೈರೊ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿದ ಕಾಲದಲ್ಲಿ ದೂರದ ಹಾರಾಟಕ್ಕೆ ಪೈಲಟ್‌ಗಳಲ್ಲದೆ ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಸಂದೇಶ ನೋಡಿಕೊಳ್ಳುವ ರೇಡಿಯೋ ಅಧಿಕಾರಿ, ಫ್ಲೈಟ್ ಎಂಜಿನಿಯರ್ ಎಲ್ಲರೂ ಬೇಕಿತ್ತು. ಧ್ವನಿ ರೇಡಿಯೋ ಸುಧಾರಿಸಿದಾಗ ರೇಡಿಯೋ ಅಧಿಕಾರಿ ಇಳಿದರು. ವಿಮಾನ ತಾನಿರುವ ಸ್ಥಳವನ್ನು ತಾನೇ ಲೆಕ್ಕ ಹಾಕುವ ಇನರ್ಷಿಯಲ್ ನ್ಯಾವಿಗೇಷನ್ ಬಂದಾಗ ನ್ಯಾವಿಗೇಟರ್ ಇಳಿದರು.

ಎಂಜಿನಿಯರರ ಸರದಿ ತಡವಾಗಿ ಬಂತು, ಜಗಳದೊಂದಿಗೆ ಬಂತು. ಅಮೆರಿಕದಲ್ಲಿ 80,000 ಪೌಂಡಿಗಿಂತ, ಅಂದರೆ ಸುಮಾರು 36 ಟನ್ನಿಗಿಂತ ಭಾರದ ವಿಮಾನಕ್ಕೆ ಫ್ಲೈಟ್ ಎಂಜಿನಿಯರ್ ಕಡ್ಡಾಯ ಎಂಬ ನಿಯಮ 1940ರ ದಶಕದ ಕೊನೆಯಿಂದ ಇತ್ತು. 1960ರ ದಶಕದಲ್ಲಿ ಅದನ್ನು ಬದಲಿಸಿ, ಕಾಕ್‌ಪಿಟ್‌ನಲ್ಲಿ ನಿಜವಾಗಿ ಎಷ್ಟು ಕೆಲಸವಿದೆ ಎಂಬುದನ್ನು ಅಳೆದು ಸಿಬ್ಬಂದಿಯ ಸಂಖ್ಯೆ ನಿರ್ಧರಿಸಬೇಕು ಎಂದಾಯಿತು. ಇದು ಸರಿಯಾದ ತೀರ್ಮಾನ. ತೂಕಕ್ಕೂ ಕೆಲಸದ ಒತ್ತಡಕ್ಕೂ ನೇರ ಸಂಬಂಧವಿಲ್ಲ. ಡಿಸಿ-9 ಮತ್ತು 737 ಇಬ್ಬರಿಗಾಗಿಯೇ ರೂಪುಗೊಂಡವು. ಆದರೂ ಪೈಲಟ್‌ಗಳ ಸಂಘಟನೆ ಒಪ್ಪದೆ ಅಮೆರಿಕದ ಕೆಲವು ಕಂಪನಿಗಳು 737ರಲ್ಲಿ ವರ್ಷಗಟ್ಟಲೆ ಮೂವರನ್ನು ಕೂರಿಸಿದವು. 1981ರಲ್ಲಿ ಅಧ್ಯಕ್ಷ ರೇಗನ್ ನೇಮಿಸಿದ ಕಾರ್ಯಪಡೆ ಇಬ್ಬರಿದ್ದರೂ ಸುರಕ್ಷಿತವೇ ಎಂದು ವರದಿ ಕೊಟ್ಟಿತು. ಮರುವರ್ಷ ಬೋಯಿಂಗ್ 767 ಇಬ್ಬರೊಂದಿಗೆ ಸೇವೆಗೆ ಇಳಿಯಿತು. 1989ರಲ್ಲಿ 747-400 ಬಂದಾಗ ಹಳೆಯ 747ರಲ್ಲಿದ್ದ 971 ದೀಪ, ಮೀಟರು, ಸ್ವಿಚ್ಚುಗಳು 365ಕ್ಕೆ ಇಳಿದಿದ್ದವು, ಮೂರನೆಯ ಆಸನ ಮಾಯವಾಗಿತ್ತು. ನಮ್ಮಲ್ಲಿಯೂ ಇದೇ ನಡೆಯಿತು. ಇಂಡಿಯನ್ ಏರ್‌ಲೈನ್ಸ್‌ನ ಎ300ಗಳಲ್ಲಿ ಮೂವರಿದ್ದರೆ, 1989ರಲ್ಲಿ ಬಂದ ಎ320ಗಳಲ್ಲಿ ಇಬ್ಬರೇ.

ಕೈಕೆಲಸವನ್ನು ಯಂತ್ರ ಚೆನ್ನಾಗಿಯೇ ವಹಿಸಿಕೊಂಡಿದೆ, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಫೆಡೆಕ್ ಎಂಬ ಎಂಜಿನ್ ನಿಯಂತ್ರಣ ಕಂಪ್ಯೂಟರ್ ಹಾಟ್ ಸ್ಟಾರ್ಟ್ ಸುಳಿವು ಸಿಕ್ಕ ಕೂಡಲೇ ನೆಲದ ಮೇಲೆ ತಾನೇ ಇಂಧನ ನಿಲ್ಲಿಸುತ್ತದೆ. ಜನರೇಟರುಗಳು ತಾವಾಗಿ ಜಾಲಕ್ಕೆ ಸೇರುತ್ತವೆ, ಟ್ಯಾಂಕಿನಿಂದ ಟ್ಯಾಂಕಿಗೆ ಇಂಧನ ತಾನಾಗಿ ಹರಿಯುತ್ತದೆ. ಏನಾದರೂ ಕೆಟ್ಟರೆ ಏರ್‌ಬಸ್‌ನಲ್ಲಿ ಇಕ್ಯಾಮ್, ಬೋಯಿಂಗ್‌ನಲ್ಲಿ ಐಕ್ಯಾಸ್ ಎಂಬ ಪರದೆ ಅದನ್ನು ಬರೆದು ತೋರಿಸುತ್ತದೆ. ಇಕ್ಯಾಮ್ ಅಂತೂ ಮುಂದೆ ಮಾಡಬೇಕಾದ ಕ್ರಮಗಳನ್ನೂ ಸಾಲಾಗಿ ಕೊಡುತ್ತದೆ. ಎಂಜಿನ್ನಿನ ಆರೋಗ್ಯದ ಅಂಕಿಗಳು ಹಾರಾಟದ ನಡುವೆಯೇ ನೆಲದ ಮೇಲಿನ ನಿರ್ವಹಣಾ ಕೇಂದ್ರ ತಲುಪುತ್ತವೆ. ವಿಮಾನ ಇಳಿಯುವ ಹೊತ್ತಿಗೆ ನಮ್ಮ ನಿರ್ವಹಣಾ ಎಂಜಿನಿಯರರು ಬದಲಿ ಭಾಗವನ್ನು ಹಿಡಿದು ಕಾಯುತ್ತಿರುತ್ತಾರೆ.

ಆದರೆ ಮೂರನೆಯವರು ಕೈಗಳ ಜೊತೆಗೆ ಇನ್ನೊಂದನ್ನು ತಂದಿದ್ದರು. ವಿಮಾನ ಹಾರಿಸುವ ಹೊಣೆಯಿಲ್ಲದ, ರೇಡಿಯೋದಲ್ಲಿ ಮಾತನಾಡುವ ಹೊಣೆಯೂ ಇಲ್ಲದ, ವಿಮಾನದ ಸ್ಥಿತಿಯನ್ನಷ್ಟೇ ಯೋಚಿಸುವ ಒಂದು ತಲೆ. ತೊಂದರೆಯ ಹೊತ್ತಿನಲ್ಲಿ ಪೈಲಟ್‌ಗಳಿಬ್ಬರ ಗಮನವೂ ಒಂದೇ ಕಡೆ ಸಿಕ್ಕಿಕೊಳ್ಳುವುದು ಮನುಷ್ಯಸಹಜ. ಆಗ ಸಿಕ್ಕಿಕೊಳ್ಳದ ಒಬ್ಬರು ಬೇಕು, ಅವರ ಮಾತು ಉಳಿದವರ ಕಿವಿಗೆ ಬೀಳಬೇಕು. ಈ ಎರಡನೆಯ ಅಂಶವನ್ನು ಮೂವರಿದ್ದ ಕಾಲವನ್ನು ಹೊಗಳುವವರು ಮರೆಯುತ್ತಾರೆ.

1978ರ ಡಿಸೆಂಬರ್ 28ರಂದು ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ 189 ಜನರೊಂದಿಗೆ ಅಮೆರಿಕದ ಪೋರ್ಟ್‌ಲ್ಯಾಂಡ್ ಸಮೀಪಿಸಿತ್ತು. ಚಕ್ರಗಳನ್ನು ಇಳಿಸಿದಾಗ ದೊಡ್ಡ ಸದ್ದಾಯಿತು, ಚಕ್ರ ಸರಿಯಾಗಿ ಕೂತಿದೆ ಎಂದು ಹೇಳುವ ದೀಪವೊಂದು ಹತ್ತಲಿಲ್ಲ. ಕ್ಯಾಪ್ಟನ್ ಎಚ್ಚರಿಕೆಯ ಮನುಷ್ಯ. ತುರ್ತು ಇಳಿಕೆಗೆ ಪ್ರಯಾಣಿಕರನ್ನು ಸಿದ್ಧಪಡಿಸಬೇಕೆಂದು ವಿಮಾನ ನಿಲ್ದಾಣದ ಬಳಿಯೇ ಸುಮಾರು ಒಂದು ಗಂಟೆ ಸುತ್ತಿದರು. ಇಂಧನದ ಮುಳ್ಳು ಇಳಿಯುತ್ತಿರುವುದನ್ನು ಫ್ಲೈಟ್ ಎಂಜಿನಿಯರ್ ನೋಡುತ್ತಿದ್ದರು. ಇನ್ನೂ ಹದಿನೈದು ನಿಮಿಷ ಕಳೆದರೆ ಇಂಧನ ತೀರಾ ಕಡಿಮೆಯಾಗುತ್ತದೆ ಎಂದು ಹೇಳಿದರು. ಹೇಳಿದರು, ಅಷ್ಟೆ. ಈಗಲೇ ಇಳಿಯಲೇಬೇಕು ಎಂದು ಪಟ್ಟು ಹಿಡಿಯಲಿಲ್ಲ. ಕ್ಯಾಪ್ಟನ್‌ಗೆ ಎದುರಾಡುವುದು ಆ ಕಾಲದ ರೂಢಿಯಲ್ಲಿ ಇರಲಿಲ್ಲ. ನಾಲ್ಕೂ ಎಂಜಿನ್ನುಗಳು ಆರಿ, ನಿಲ್ದಾಣಕ್ಕೆ ಕೆಲವೇ ಮೈಲಿ ದೂರದಲ್ಲಿ ವಿಮಾನ ನೆಲಕ್ಕೆ ಬಿತ್ತು. ಸತ್ತ ಹತ್ತು ಮಂದಿಯಲ್ಲಿ ಆ ಎಂಜಿನಿಯರರೂ ಒಬ್ಬರು. ಚಕ್ರಗಳು ನಿಜವಾಗಿ ಸರಿಯಾಗಿಯೇ ಇಳಿದು ಕೂತಿದ್ದವು ಎಂದು ತನಿಖೆಯಿಂದ ಗೊತ್ತಾಯಿತು.

ಈ ವರದಿಯನ್ನು ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಬೇಕಾದ ಮಾಹಿತಿ ಕಾಕ್‌ಪಿಟ್‌ನಲ್ಲಿತ್ತು, ಅದನ್ನು ತಿಳಿದ ಮನುಷ್ಯ ಅಲ್ಲೇ ಇದ್ದರು. ಆರು ವರ್ಷ ಹಿಂದೆ, 1972ರ ಡಿಸೆಂಬರ್ 29ರಂದು, ಫ್ಲಾರಿಡಾದ ಜೌಗು ಪ್ರದೇಶದ ಮೇಲೆ ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್ ವಿಮಾನದಲ್ಲಿ ಎಲ್ಲರೂ ಮುಂಚಕ್ರದ ಒಂದು ದೀಪದ ಚಿಂತೆಯಲ್ಲಿ ಮುಳುಗಿದ್ದಾಗ ಆಟೋಪೈಲಟ್ ಎತ್ತರ ಬಿಟ್ಟುಕೊಡುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಚಕ್ರವನ್ನು ಕಣ್ಣಾರೆ ನೋಡಲು ಎಂಜಿನಿಯರ್ ಕೆಳಗಿನ ಕೋಣೆಗೆ ಇಳಿದಿದ್ದರು. ಆ ಅಪಘಾತದಲ್ಲಿ 101 ಜನ ಸತ್ತರು. ನಮ್ಮ ಏರ್ ಇಂಡಿಯಾದ ‘ಎಂಪರರ್ ಅಶೋಕ’, ದೇಶದ ಮೊದಲ 747, 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟು ಎರಡು ನಿಮಿಷ ತುಂಬುವ ಮೊದಲೇ ಬಾಂದ್ರಾದ ಆಚೆ ಸಮುದ್ರಕ್ಕೆ ಬಿದ್ದಾಗಲೂ ಕಾಕ್‌ಪಿಟ್‌ನಲ್ಲಿ ಮೂವರಿದ್ದರು. ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಕ್ಯಾಪ್ಟನ್‌ರ ಉಪಕರಣ ಕೆಟ್ಟಿತ್ತು. ಅದನ್ನು ನಂಬಬೇಡಿ ಎಂದು ಕೊನೆಯ ಕ್ಷಣಗಳಲ್ಲಿ ಎಂಜಿನಿಯರ್ ಗಮನ ಸೆಳೆಯಲು ಯತ್ನಿಸಿದರು. ಕಡಲ ಮೇಲಿನ ಕತ್ತಲೆಯಲ್ಲಿ ಸಮಯ ಸಾಲಲಿಲ್ಲ. 213 ಜನರಲ್ಲಿ ಯಾರೂ ಬದುಕಲಿಲ್ಲ.

ಪೋರ್ಟ್‌ಲ್ಯಾಂಡ್ ಘಟನೆಯ ಫಲವಾಗಿ ಬಂದದ್ದು ಸಿಆರ್‌ಎಂ ತರಬೇತಿ, ಅಂದರೆ ಕಾಕ್‌ಪಿಟ್‌ನಲ್ಲಿ ಇರುವವರ ತಿಳಿವಳಿಕೆಯನ್ನೆಲ್ಲ ಬಳಸಿಕೊಳ್ಳುವ ಶಿಸ್ತು. ಯುನೈಟೆಡ್ ಅದನ್ನು 1980ರ ದಶಕದ ಆರಂಭದಲ್ಲಿ ಶುರು ಮಾಡಿತು, ಈಗ ಭಾರತವೂ ಸೇರಿದಂತೆ ಎಲ್ಲೆಡೆ ಕಡ್ಡಾಯ. ಕಿರಿಯರು ಅನುಮಾನವನ್ನು ಗೊಣಗದೆ ಸ್ಪಷ್ಟವಾಗಿ ಹೇಳುವುದು, ಹಿರಿಯರು ಅದನ್ನು ಅವಮಾನವೆಂದು ಭಾವಿಸದಿರುವುದು ಅಲ್ಲಿನ ಪಾಠ. ಇಬ್ಬರ ಕಾಕ್‌ಪಿಟ್ ಸುರಕ್ಷಿತವಾದದ್ದು ಕಂಪ್ಯೂಟರಿನಿಂದ ಎಷ್ಟೋ, ಈ ಶಿಸ್ತಿನಿಂದಲೂ ಅಷ್ಟೇ ಎಂದು ನಾನು ನಂಬುತ್ತೇನೆ. ಒಬ್ಬರು ಹಾರಿಸುವವರು, ಇನ್ನೊಬ್ಬರು ಗಮನಿಸುವವರು ಎಂಬ ಹಂಚಿಕೆ ಈಗ ಪ್ರತಿ ಹಾರಾಟದಲ್ಲೂ ಇರುತ್ತದೆ. ಎಂಜಿನ್ನಿನಲ್ಲಿ ಬೆಂಕಿ ಕಂಡರೆ ಗಮನಿಸುವವರು ಸ್ವಿಚ್‌ನ ಮೇಲೆ ಕೈಯಿಟ್ಟು ‘ಇದೇ ತಾನೇ?’ ಎಂದು ಕೇಳುತ್ತಾರೆ, ಹಾರಿಸುವವರು ನೋಡಿ ಹೌದೆಂದ ಮೇಲೆಯೇ ಅದನ್ನು ಒತ್ತುತ್ತಾರೆ. ಕೆಟ್ಟ ಎಂಜಿನ್ ಬಿಟ್ಟು ಚೆನ್ನಾಗಿರುವುದನ್ನು ನಿಲ್ಲಿಸಿದ ಅಪಘಾತಗಳು ಆಗಿರುವುದರಿಂದಲೇ ಈ ಪದ್ಧತಿ.

ಬೆಂಗಳೂರಿಗೆ ಈ ವಿಷಯ ಹೊಸದಲ್ಲ. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಅಪ್ಪಳಿಸಿತು. 146 ಜನರಲ್ಲಿ 92 ಮಂದಿ ಸತ್ತರು. ನಿಮಿಷಕ್ಕೆ 700 ಅಡಿ ಇಳಿಯುವಂತೆ ಹೊಂದಿಸುವ ಬದಲು 700 ಅಡಿ ಎತ್ತರಕ್ಕೆ ಇಳಿಯುವಂತೆ ಹೊಂದಿಸಿದ್ದರಿಂದ ಎಂಜಿನ್ನುಗಳು ಕನಿಷ್ಠ ಶಕ್ತಿಗೆ ಇಳಿದಿದ್ದವು, ವೇಗ ಕುಸಿಯುತ್ತಿದ್ದುದು ಗಮನಕ್ಕೆ ಬರುವಾಗ ತಡವಾಗಿತ್ತು ಎಂಬುದು ವಿಚಾರಣೆಯ ಸಾರ. ಎ320ರಲ್ಲಿ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಸ್ಟ್ ಕೆಲಸ ಮಾಡುವಾಗ ಥ್ರಾಟಲ್ ಹಿಡಿಕೆಗಳು ಅಲುಗುವುದಿಲ್ಲ, ಹಾಗಾಗಿ ಶಕ್ತಿ ತಗ್ಗಿರುವುದು ಕೈಗೆ ತಿಳಿಯುವುದಿಲ್ಲ, ಪರದೆ ನೋಡಿಯೇ ತಿಳಿಯಬೇಕು. ಮೂರನೆಯವರು ಇದ್ದಿದ್ದರೆ ಅವರ ಕಣ್ಣು ಎಂಜಿನ್ ಮೀಟರುಗಳ ಮೇಲೆಯೇ ಇರುತ್ತಿತ್ತಲ್ಲ ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಫ್ಲಾರಿಡಾದಲ್ಲಿ ಇನ್ನೂ ಹೆಚ್ಚು ಕಣ್ಣುಗಳಿದ್ದವು. ಬೆಂಗಳೂರಿನ ನಂತರದ ವರ್ಷಗಳಲ್ಲಿ ತರಬೇತಿಯಲ್ಲಿ ಬಿದ್ದ ಒತ್ತು ಸರಿಯಾದ ಕಡೆಯೇ ಇತ್ತು: ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಳ್ಳುವುದು.

ಹೆಚ್ಚಿನ ತಲೆಗಳು ನಿಜವಾಗಿ ನೆರವಾದ ಘಟನೆಯೂ ಇದೆ. 2010ರ ನವೆಂಬರ್ 4ರಂದು ಸಿಂಗಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಸ್‌ನ ಎ380 ವಿಮಾನದ ಎಂಜಿನ್ ಒಂದು ಸಿಡಿದು, ಚೂರುಗಳು ರೆಕ್ಕೆಯನ್ನು ತೂರಿಕೊಂಡು ಹೋದವು. ಪರದೆಯ ಮೇಲೆ ದೋಷಗಳ ಪ್ರವಾಹವೇ ಹರಿಯಿತು. ಅವುಗಳನ್ನು ಒಂದೊಂದಾಗಿ ಮುಗಿಸಲು ಸುಮಾರು 50 ನಿಮಿಷ ಹಿಡಿಯಿತು. ಅಂದು ಕ್ಯಾಪ್ಟನ್‌ರ ಕೆಲಸವನ್ನು ಪರೀಕ್ಷಿಸುವ ಹಾರಾಟವೂ ಆಗಿದ್ದರಿಂದ ಕಾಕ್‌ಪಿಟ್‌ನಲ್ಲಿ ಐವರು ಪೈಲಟ್‌ಗಳಿದ್ದರು. ಒಬ್ಬರು ಹಾರಿಸಲು, ಒಬ್ಬರು ಪಟ್ಟಿ ಓದಲು, ಉಳಿದವರು ಲೆಕ್ಕ ಹಾಕಲು ಮತ್ತು ತಪ್ಪು ಹಿಡಿಯಲು ಸಿಕ್ಕರು. 469 ಜನರೂ ಕ್ಷೇಮವಾಗಿ ಸಿಂಗಪುರದ ಚಾಂಗಿ ನಿಲ್ದಾಣಕ್ಕೇ ಮರಳಿ ಇಳಿದರು.

ಈ ಕಾರಣಕ್ಕಾಗಿಯೇ ಇಬ್ಬರಿಂದ ಒಬ್ಬರಿಗೆ ಇಳಿಯುವ ಈಗಿನ ಮಾತನ್ನು ನಾನು ಒಪ್ಪುವುದಿಲ್ಲ. ಹಾರಾಟದ ಮಧ್ಯಭಾಗದಲ್ಲಿ ಒಬ್ಬರೇ ಕಾಕ್‌ಪಿಟ್‌ನಲ್ಲಿದ್ದು ಇನ್ನೊಬ್ಬರು ಮಲಗಬಹುದೇ ಎಂದು ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಅಧ್ಯಯನ ನಡೆಸಿ, ಈಗಿನ ಕಾಕ್‌ಪಿಟ್‌ಗಳಲ್ಲಿ ಇಬ್ಬರಿರುವಷ್ಟೇ ಸುರಕ್ಷತೆಯನ್ನು ತೋರಿಸಿಕೊಡಲು ಆಗುವುದಿಲ್ಲ ಎಂಬ ತೀರ್ಮಾನಕ್ಕೆ 2025ರಲ್ಲಿ ಬಂದಿದೆ. ಮೂರನೆಯವರು ಹೋದಾಗ ಒಬ್ಬರ ತಪ್ಪನ್ನು ಹಿಡಿಯುವ ಇನ್ನೊಬ್ಬರು ಉಳಿದಿದ್ದರು. ಎರಡನೆಯವರೂ ಹೋದರೆ ಸ್ವಿಚ್ ಒತ್ತುವ ಮೊದಲು ‘ಇದೇ ತಾನೇ?’ ಎಂದು ಯಾರನ್ನು ಕೇಳುವುದು?

ಈಗ ನಿಮ್ಮ ಮಗಳ ವಿಷಯ. ಪ್ರಯಾಣಿಕ ವಿಮಾನಗಳಲ್ಲಿ ಫ್ಲೈಟ್ ಎಂಜಿನಿಯರ್ ಹುದ್ದೆಯನ್ನು ನಂಬಿ ಓದುವ ಹಾಗಿಲ್ಲ, ಆ ಬಾಗಿಲು ಮುಚ್ಚಿದೆ. ಆದರೆ ಆಕೆಗೆ ಇಷ್ಟವಾಗಿರುವ ಕೆಲಸ ಇನ್ನೂ ಎರಡು ಕಡೆ ಜೀವಂತವಾಗಿದೆ.

ಮೊದಲನೆಯದು ವಾಯುಪಡೆ. ಎಂಐ-17 ಹೆಲಿಕಾಪ್ಟರ್, ಎಎನ್-32 ಮತ್ತು ಐಎಲ್-76 ಸಾರಿಗೆ ವಿಮಾನಗಳಲ್ಲಿ ಫ್ಲೈಟ್ ಎಂಜಿನಿಯರರು ಇಂದಿಗೂ ಹಾರುತ್ತಾರೆ. ಆಕೆಗೆ ಹೇಳಲೇಬೇಕಾದ ಸುದ್ದಿಯೊಂದಿದೆ: ವಾಯುಪಡೆಯ ಮೊದಲ ಮಹಿಳಾ ಫ್ಲೈಟ್ ಎಂಜಿನಿಯರ್, ಫ್ಲೈಟ್ ಲೆಫ್ಟಿನೆಂಟ್ ಹೀನಾ ಜೈಸ್ವಾಲ್, 2019ರ ಫೆಬ್ರುವರಿಯಲ್ಲಿ ತರಬೇತಿ ಮುಗಿಸಿದ್ದು ನಮ್ಮ ಯಲಹಂಕ ವಾಯುನೆಲೆಯ 112ನೆಯ ಹೆಲಿಕಾಪ್ಟರ್ ಘಟಕದಲ್ಲಿ. ಅವರು ಮೊದಲು ವಾಯುಪಡೆಯ ಎಂಜಿನಿಯರಿಂಗ್ ಶಾಖೆಯ ಅಧಿಕಾರಿಯಾಗಿದ್ದರು. ನಿಮ್ಮ ಮಗಳಿಗೂ ದಾರಿ ಅದೇ: ಎಂಜಿನಿಯರಿಂಗ್ ಪದವಿ, ವಾಯುಪಡೆಯ ಪ್ರವೇಶಕ್ಕಾಗಿ ನಡೆಯುವ ಎಎಫ್‌ಕ್ಯಾಟ್ ಪರೀಕ್ಷೆ, ಆಯ್ಕೆಯಾದರೆ ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿ ಮತ್ತು ಬೆಂಗಳೂರಿನ ಜಾಲಹಳ್ಳಿಯ ತಾಂತ್ರಿಕ ಕಾಲೇಜು. ಫ್ಲೈಟ್ ಎಂಜಿನಿಯರ್ ತರಬೇತಿ ಬರುವುದು ಆಮೇಲೆ, ಅದು ಎಲ್ಲರಿಗೂ ಸಿಗುವುದಿಲ್ಲ ಎಂಬುದೂ ಗೊತ್ತಿರಲಿ.

ಎರಡನೆಯದು ನೆಲದ ಮೇಲಿನ ಕೆಲಸ, ವಿಮಾನ ನಿರ್ವಹಣಾ ಎಂಜಿನಿಯರ್. ಇದು ನನ್ನ ಕ್ಷೇತ್ರವಾದ್ದರಿಂದ ಪಕ್ಷಪಾತ ಇದ್ದೀತು, ಆದರೂ ಹೇಳುತ್ತೇನೆ: ಹಳೆಯ ಫ್ಲೈಟ್ ಎಂಜಿನಿಯರರ ನಿಜವಾದ ವಾರಸುದಾರರು ಇವರೇ. ಹಿಂದಿನ ಹಾರಾಟದಲ್ಲಿ ಪೈಲಟ್ ಬರೆದಿಟ್ಟ ದೋಷವನ್ನು ಓದಿ, ಕಾರಣ ಹುಡುಕಿ, ಸರಿಪಡಿಸಿ, ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕುವವರು ಅವರು. ಆ ಸಹಿ ಇಲ್ಲದೆ ವಿಮಾನ ಹೊರಡುವಂತಿಲ್ಲ. ದೋಷವನ್ನು ತಕ್ಷಣ ಸರಿಪಡಿಸಲಾಗದಿದ್ದರೆ, ಯಾವ ಭಾಗ ಕೆಟ್ಟಿದ್ದರೂ ಎಷ್ಟು ದಿನ, ಯಾವ ಷರತ್ತಿನ ಮೇಲೆ ಹಾರಬಹುದು ಎಂಬುದಕ್ಕೆ ಮಾನ್ಯತೆ ಪಡೆದ ಪಟ್ಟಿ ಇದೆ. ಬೆಳಗಿನ ಜಾವ ಪ್ರಯಾಣಿಕರೆಲ್ಲ ಹತ್ತಿ ಕುಳಿತಿರುವಾಗ ಪಟ್ಟಿ ಒಪ್ಪದ ದೋಷ ಕಂಡರೆ, ಎಷ್ಟೇ ಒತ್ತಡ ಬರಲಿ, ‘ಹೊರಡುವುದಿಲ್ಲ’ ಎನ್ನುವ ಅಧಿಕಾರ ಮತ್ತು ಹೊಣೆ ಎರಡೂ ಆ ಎಂಜಿನಿಯರರದು.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ್ದರೆ ದೇಶದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಮಾನ್ಯತೆ ಇರುವ ಸಂಸ್ಥೆಯಲ್ಲಿ ಈ ತರಬೇತಿಗೆ ಸೇರಬಹುದು. ಎಂಜಿನ್ ಮತ್ತು ಯಾಂತ್ರಿಕ ವ್ಯವಸ್ಥೆಗಳಿಗೆ ಬಿ1, ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಗೆ ಬಿ2 ಎಂಬ ಲೈಸೆನ್ಸ್ ಇವೆ. ಪರೀಕ್ಷೆಗಳನ್ನು ಪಾಸು ಮಾಡಿದರೆ ಸಾಲದು, ವಿಮಾನದ ಮೇಲೆ ನಿಗದಿತ ಅವಧಿಯ ಅನುಭವವೂ ಬೇಕು. ಸಹಿ ಹಾಕುವ ಅಧಿಕಾರಕ್ಕೆ ಆಯಾ ಮಾದರಿಯ ವಿಮಾನದ ಪ್ರತ್ಯೇಕ ತರಬೇತಿ ಆಮೇಲೆ ಬರುತ್ತದೆ. ಒಂದು ಎಚ್ಚರಿಕೆ: ಏರೋನಾಟಿಕಲ್ ಎಂಜಿನಿಯರಿಂಗ್ ಪದವಿ ಬೇರೆ, ಈ ಲೈಸೆನ್ಸ್ ಬೇರೆ. ಪದವಿ ವಿಮಾನವನ್ನು ರೂಪಿಸುವ ಕೆಲಸಕ್ಕೆ ದಾರಿ, ಅದೊಂದರಿಂದಲೇ ವಿಮಾನಕ್ಕೆ ಸಹಿ ಹಾಕಲಾಗದು. ಎಷ್ಟೋ ಪೋಷಕರು ಎರಡನ್ನೂ ಒಂದೇ ಎಂದುಕೊಂಡು ಲಕ್ಷಗಟ್ಟಲೆ ಕಟ್ಟಿದ ಮೇಲೆ ವಿಚಾರಿಸುತ್ತಾರೆ.

ಸಂಸ್ಥೆಯನ್ನು ನೋಡಲು ಹೋದಾಗ ಮೂರು ಪ್ರಶ್ನೆ ಕೇಳಿ. ಡಿಜಿಸಿಎ ಮಾನ್ಯತಾ ಪತ್ರ ಯಾವ ವಿಭಾಗಕ್ಕೆ, ಯಾವ ದಿನಾಂಕದವರೆಗೆ ಇದೆ? ಪ್ರಾಯೋಗಿಕ ತರಬೇತಿ ಯಾವ ಹ್ಯಾಂಗರ್‌ನಲ್ಲಿ, ಹಾರುತ್ತಿರುವ ವಿಮಾನದ ಮೇಲೋ ಮೂಲೆಯಲ್ಲಿ ನಿಂತ ಹಳೆಯದರ ಮೇಲೋ? ಹಿಂದಿನ ತಂಡಗಳಲ್ಲಿ ಎಷ್ಟು ಜನ ಲೈಸೆನ್ಸ್ ಪಡೆದಿದ್ದಾರೆ? ಮೂರನೆಯ ಪ್ರಶ್ನೆಗೆ ಉದ್ಯೋಗ ಸಿಕ್ಕವರ ಫೋಟೊ ತೋರಿಸಿದರೆ ಒಪ್ಪಬೇಡಿ, ಲೈಸೆನ್ಸ್ ಪಡೆದವರ ಸಂಖ್ಯೆಯನ್ನೇ ಕೇಳಿ. ಸಾಧ್ಯವಾದರೆ ಅಲ್ಲಿ ಕೊನೆಯ ವರ್ಷದಲ್ಲಿ ಓದುತ್ತಿರುವ ಒಬ್ಬರೊಂದಿಗೆ ನಿಮ್ಮ ಮಗಳು ಅರ್ಧ ಗಂಟೆ ತಾನೇ ಮಾತನಾಡಲಿ. ಶುಲ್ಕದ ಮಾತು ಅದಾದ ಮೇಲೆ.